ಹಳೆಯ ಬಟ್ಟೆ ಮತ್ತು ಪರಿಗ್ರಹ ಪರಿಮಾಣ



ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗ, ಉಪಭೋಗ ಎಂಬ ಎರಡು ಶಬ್ದಗಳ ನಡುವೆ ಸ್ಪಷ್ಟವಾದ ಒಂದು ಗೆರೆಯನ್ನು ಎಳೆದಿದ್ದಾರೆ. ಒಮ್ಮೆ ಅನುಭವಿಸಿ ಬಿಟ್ಟುಬಿಡತಕ್ಕದ್ದು ಭೋಗ. ಅನುಭವಿಸಿದ ಮೇಲೆಯೂ ಪುನಃ ಪುನಃ ಅನುಭವಿಸತಕ್ಕದ್ದು ಉಪಭೋಗ. ಮೊದಲನೆಯದಕ್ಕೆ ಆಹಾರವನ್ನೂ ಎರಡನೆಯದಕ್ಕೆ ವಸ್ತ್ರವನ್ನೂ ಅವರು ಉದಾಹರಿಸುತ್ತಾರೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಉಪಭೋಗ, ಪರಿಭೋಗ ಎಂಬ ಬೇರೆ ಜೋಡಿಯನ್ನು ಬಳಸಿರುವುದರಿಂದ ಓದುವವರಿಗೆ ಕೆಲವೊಮ್ಮೆ ಗೊಂದಲವಾಗುವುದುಂಟು. ಹೆಸರುಗಳು ಅದಲುಬದಲಾದರೂ ಬಟ್ಟೆಯ ಸ್ಥಾನ ಬದಲಾಗಿಲ್ಲ. ಅದು ಮತ್ತೆ ಮತ್ತೆ ಬಳಸಬೇಕಾದ ವಸ್ತುಗಳ ಗುಂಪಿನಲ್ಲಿಯೇ ಇದೆ.

ಈ ವಿಭಾಗವನ್ನು ನಾನು ವಿದ್ಯಾರ್ಥಿದೆಶೆಯಲ್ಲಿ ಕಂಠಪಾಠ ಮಾಡಿದ್ದೆ. ಆದರೆ ಅದರ ಅರ್ಥ ತಿಳಿದದ್ದು ಬಹಳ ವರ್ಷಗಳ ಮೇಲೆ, ನನ್ನ ಜವಳಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಾಗ. ಒಂದು ಮದುವೆಗೆಂದು ಕೊಂಡ ಉಡುಪನ್ನು ಎರಡನೆಯ ಮದುವೆಗೆ ಉಡಲು ಸಂಕೋಚಪಡುವ ಗಿರಾಕಿಗಳು ಬರತೊಡಗಿದ್ದರು. 'ಅದನ್ನು ಆಗಲೇ ಎಲ್ಲರೂ ನೋಡಿಯಾಗಿದೆ' ಎಂಬುದು ಅವರ ಕಾರಣ. ಬಟ್ಟೆ ಹರಿದಿರಲಿಲ್ಲ, ಬಣ್ಣ ಹೋಗಿರಲಿಲ್ಲ; ಅನ್ಯರ ಕಣ್ಣಿಗೆ ಬಿದ್ದದ್ದರಿಂದಲೇ ಅದು ತೀರಿಹೋಗಿತ್ತು. ಅಂದರೆ ಆಚಾರ್ಯರು ಉಪಭೋಗದಲ್ಲಿ ಇರಿಸಿದ ವಸ್ತುವನ್ನು ನಮ್ಮ ಕಾಲವು ಸದ್ದಿಲ್ಲದೆ ಭೋಗದ ಕಡೆಗೆ, ಉಂಡು ಎಸೆಯುವ ಬಾಳೆಲೆಯ ಸಾಲಿಗೆ ಸರಿಸಿಬಿಟ್ಟಿದೆ. ಇಂತಹ ಸ್ಥಿತಿಯಲ್ಲಿ ಹಳೆಯ ಬಟ್ಟೆಗೆ ಮನೆಯಲ್ಲಿಯೇ ಸೂಜಿ ಹಾಕಿ ಮರುಬಳಸುವುದು ಬರಿಯ ಮಿತವ್ಯಯವೋ, ಅಥವಾ ಶ್ರಾವಕನ ವ್ರತಕ್ಕೆ ಸೇರಿದ ಆಚರಣೆಯೋ? ಆಗಿದ್ದರೆ ಅದಕ್ಕೂ ಅತಿಚಾರಗಳಿರಬೇಕಲ್ಲವೇ? ಇದು ನನ್ನ ಮುಂದಿರುವ ಪ್ರಶ್ನೆ.

ನಮ್ಮ ಬಿಜೂರು ಕಡಲಿಗೂ ಘಟ್ಟಕ್ಕೂ ನಡುವೆ, ಬೈಂದೂರಿಗೆ ಸಮೀಪದ ಊರು. ಈ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆಷಾಢ ಶ್ರಾವಣಗಳಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗದು. ಒಣಗಿತೆಂದು ಮಡಚಿಟ್ಟರೆ ಬೂಸಲು ಹಿಡಿಯುತ್ತದೆ. ಆದುದರಿಂದ ಹಳೆಯ, ತೆಳುವಾದ, ಬೇಗ ಆರುವ ಹತ್ತಿಯ ಬಟ್ಟೆಗೆ ನಮ್ಮ ಕಡೆ ಹೊಸ ಬಟ್ಟೆಗಿಂತ ಹೆಚ್ಚು ಬೆಲೆ. ನಮ್ಮ ತಾಯಿಯವರ ಒಂದು ಹತ್ತಿಯ ಸೀರೆ ನಡೆದ ದಾರಿಯನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಮೊದಲು ಬಸದಿಗೆ ಉಡುವ ಸೀರೆ. ಅಂಚು ಮಾಸಿದ ಮೇಲೆ ಮನೆಯಲ್ಲಿ ಉಡುವ ಸೀರೆ. ನಡು ಸವೆದಾಗ ಅವರು ಅದನ್ನು ಉದ್ದಕ್ಕೆ ಸೀಳಿ, ಗಟ್ಟಿಯಾಗಿರುವ ಎರಡು ಅಂಚುಗಳು ಮಧ್ಯಕ್ಕೆ ಬರುವಂತೆ ಜೋಡಿಸಿ ಹೊಲಿದು ಹೊದಿಕೆ ಮಾಡುತ್ತಿದ್ದರು. ಸವೆದ ಭಾಗ ಹೊರಬದಿಗೆ ಹೋಗುವುದರಿಂದ ಅದಕ್ಕೆ ಇನ್ನೂ ಮೂರು ನಾಲ್ಕು ವರ್ಷ ಆಯುಸ್ಸು ಬರುತ್ತಿತ್ತು. ಅನಂತರ ಅದು ಬಾಣಂತಿಯ ಮನೆಗೆ, ಕೂಸಿಗೆ ಹಾಸಲು. ಹೊಸ ಬಟ್ಟೆ ಹಸುಗೂಸಿನ ಮೈಗೆ ಒರಟು. ಅಜ್ಜಿಯ ಸೀರೆಯ ತುಂಡೇ ಮೊದಲ ವಸ್ತ್ರ. ಅದೂ ಮುಗಿದ ಮೇಲೆ ಅಡಿಗೆಮನೆಯ ಮಸಿಬಟ್ಟೆ, ನೆಲ ಒರಸುವ ಬಟ್ಟೆ, ಕೊನೆಗೆ ಹೊಸೆದು ದೀಪದ ಕಾಕಡ. ನಾನು ವಾಣಿಜ್ಯಶಾಸ್ತ್ರ ಓದುವಾಗ ಸವಕಳಿಯ ಲೆಕ್ಕವನ್ನು ಕಲಿಸಿದರು. ವಸ್ತುವಿನ ಮೌಲ್ಯ ವರ್ಷವರ್ಷವೂ ಇಳಿದು ಪುಸ್ತಕದಲ್ಲಿ ಒಂದು ರೂಪಾಯಿಗೆ ನಿಂತ ಮೇಲೆಯೂ ಅದು ಕೆಲಸ ಮಾಡುತ್ತಲೇ ಇರುತ್ತದೆ ಎಂದು ಉಪನ್ಯಾಸಕರು ಹೇಳಿದಾಗ ನನಗೆ ನೆನಪಾದದ್ದು ಆ ಸೀರೆಯೇ.

ಹೊಲಿಯಲು ಕಾದಿರುವ ತುಂಡುಗಳಿಗೆಂದು ನಮ್ಮ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ಒಂದೇ ಪೆಟ್ಟಿಗೆ. ಅದು ತುಂಬಿದ ಮೇಲೆ ಅಮ್ಮ ಹೊಸದೊಂದು ಹರುಕನ್ನು ಒಳಗೆ ಸೇರಿಸುತ್ತಿರಲಿಲ್ಲ. "ಹೊಸ್ತ್ ಒಂದ್ ಒಳಗ್ ಹೋಯ್ಕಾರೆ ಹಳ್ದ್ ಒಂದ್ ಹೊರಗ್ ಬರ್ಕ್" ಎಂಬುದು ಅವರ ಕಟ್ಟಳೆ. ಹೊಲಿಗೆ ಹಗಲಿನಲ್ಲಿ ಮಾತ್ರ. ಮಳೆಗಾಲದ ಇರುಳಿನಲ್ಲಿ ದೀಪ ಹಚ್ಚಿ ಕುಳಿತರೆ ಹಾತೆಗಳು ಬಂದು ಬೀಳುತ್ತವೆಂದು ಸೂರ್ಯಾಸ್ತದ ನಂತರ ಸೂಜಿ ಮುಟ್ಟುತ್ತಿರಲಿಲ್ಲ. ಬಿಸಿಲು ಬಂದ ದಿನ ಪೆಟ್ಟಿಗೆಯನ್ನು ಅಂಗಳಕ್ಕೆ ತಂದು, ಪ್ರತಿ ತುಂಡನ್ನೂ ಕೊಡವಿ ಹರಡುತ್ತಿದ್ದರು. ಅವರು ಶಾಸ್ತ್ರಗ್ರಂಥಗಳನ್ನು ಓದಿದವರಲ್ಲ.

ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವ ಸೂತ್ರದಲ್ಲಿ ಉಮಾಸ್ವಾಮಿಗಳು ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸೀ, ದಾಸ ಎಂದು ಎಣಿಸಿ ಕೊನೆಯಲ್ಲಿ 'ಕುಪ್ಯ' ಎಂಬ ಪದವನ್ನು ಇರಿಸಿದ್ದಾರೆ. ಹೊಲ, ಮನೆ, ಹೊನ್ನುಗಳಿಗೆ ಮಿತಿ ಹಾಕಿಕೊಳ್ಳುವ ಮಾತನ್ನು ಪ್ರವಚನಗಳಲ್ಲಿ ಕೇಳುತ್ತೇವೆ. ಕುಪ್ಯದ ಬಳಿ ಬಂದಾಗ 'ಇತ್ಯಾದಿ' ಎಂದು ದಾಟಿಬಿಡುವುದು ರೂಢಿ. ಆದರೆ ಪೂಜ್ಯಪಾದರ ಸರ್ವಾರ್ಥಸಿದ್ಧಿಯನ್ನು ತೆರೆದು ನೋಡಿದರೆ ಕುಪ್ಯವೆಂದರೆ ನಾರುಬಟ್ಟೆ, ಹತ್ತಿಬಟ್ಟೆ, ರೇಷ್ಮೆ, ಚಂದನ ಮೊದಲಾದುವು ಎಂಬ ವಿವರಣೆ ಸಿಗುತ್ತದೆ. ಬಟ್ಟೆಗೂ ಪ್ರಮಾಣ ಬೇಕೆಂದು, ಕಪಾಟು ಎಂಬ ವಸ್ತುವೇ ನಮ್ಮ ಮನೆಗಳಲ್ಲಿ ಇಲ್ಲದಿದ್ದ ಕಾಲಕ್ಕೆ, ಟೀಕಾಕಾರರು ಬರೆದಿಟ್ಟಿದ್ದಾರೆ. ನಮ್ಮಲ್ಲಿ ಎಷ್ಟು ಮಂದಿ ಪರಿಮಾಣ ವ್ರತ ಸ್ವೀಕರಿಸುವಾಗ ಇಷ್ಟು ಪಂಚೆ, ಇಷ್ಟು ಅಂಗಿ, ಇಷ್ಟು ಸೀರೆ ಎಂದು ಸಂಖ್ಯೆ ಹೇಳಿದ್ದೇವೆ?

ಇಲ್ಲಿಯೇ ಮಿತವ್ಯಯಿಗೂ ಎಚ್ಚರಿಕೆ ಇದೆ. ಸಮಂತಭದ್ರರು ಇದೇ ವ್ರತಕ್ಕೆ ಹೇಳಿದ ಐದು ಅತಿಚಾರಗಳು ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಅವುಗಳಲ್ಲಿ ಎರಡನೆಯದೂ ನಾಲ್ಕನೆಯದೂ ಹಳೆಯ ಬಟ್ಟೆ ಕೂಡಿಡುವವನ ಬೆನ್ನ ಹಿಂದೆಯೇ ನಿಂತಿರುತ್ತವೆ. 'ಮುಂದೆ ಯಾವುದಕ್ಕಾದರೂ ಆದೀತು' ಎಂಬ ಮಾತು ಕೇಳಲು ಸದ್ಗುಣದಂತೆ ಇದೆ. ಒಳಗೆ ಅದು ಲೋಭದ ಮಾತಾಗಿರಲೂ ಸಾಧ್ಯ. ಕರಾವಳಿಯಲ್ಲಿ ಇದು ಕೇವಲ ಭಾವಶುದ್ಧಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಗಾಳಿಯಾಡದೆ ರಾಶಿ ಬಿದ್ದ ಬಟ್ಟೆಯಲ್ಲಿ ಜಿರಳೆ ಮೊಟ್ಟೆಯಿಡುತ್ತದೆ, ಬಟ್ಟೆ ತಿನ್ನುವ ಹುಳುಗಳು ಹುಟ್ಟುತ್ತವೆ, ಗೋಡೆಯ ಕಡೆಯಿಂದ ಗೆದ್ದಲು ಏರುತ್ತದೆ. ಆಮೇಲೆ ನುಸಿಗುಳಿಗೆ ಹಾಕುತ್ತೇವೆ, ಔಷಧ ಸಿಂಪಡಿಸುತ್ತೇವೆ, ಕೊನೆಗೆ ಇಡೀ ಗಂಟನ್ನು ಹಿತ್ತಿಲಿಗೆ ಒಯ್ದು ಬೆಂಕಿಯಿಡುತ್ತೇವೆ. ಉಳಿತಾಯವೆಂದು ಆರಂಭವಾದದ್ದು ತ್ರಸಜೀವಗಳ ಹಿಂಸೆಯಲ್ಲಿ ಮುಗಿಯಿತು. ನಿಷ್ಪ್ರಯೋಜನವಾಗಿ ಅಗ್ನಿಯನ್ನು ಹೊತ್ತಿಸುವ ಪ್ರಮಾದಚರ್ಯೆಯೂ ಸೇರಿ ಅನರ್ಥದಂಡವಾಯಿತು. ಅಮ್ಮನ ಒಂದೇ ಪೆಟ್ಟಿಗೆಯ ಕಟ್ಟಳೆಗೂ ಬಿಸಿಲಿಗೆ ಕೊಡವುವ ಅಭ್ಯಾಸಕ್ಕೂ ಇರುವ ಬೆಲೆ ನನಗೆ ಇದರಿಂದ ತಿಳಿಯಿತು. ಹೊಲಿದು ಮುಗಿಸಲಾಗದಷ್ಟು ಚಿಂದಿಯನ್ನು ಇಟ್ಟುಕೊಳ್ಳುವುದು ಮಿತವ್ಯಯವಲ್ಲ, ಅದು ಚಿಂದಿಯ ಪರಿಗ್ರಹ.

ಬೌದ್ಧರ ವಿನಯಪಿಟಕದಲ್ಲಿ ಈ ವಿಷಯಕ್ಕೆ ಒಪ್ಪುವ ಒಂದು ಪ್ರಸಂಗವಿದೆ. ಕೌಶಾಂಬಿಯ ಉದಯನ ರಾಜನ ಅಂತಃಪುರದವರು ಆನಂದ ಭಿಕ್ಷುವಿಗೆ 500 ಚೀವರಗಳನ್ನು ಕೊಟ್ಟರಂತೆ. ರಾಜನಿಗೆ ಸಂದೇಹ ಬಂತು. ಇಷ್ಟೊಂದು ಬಟ್ಟೆಯನ್ನು ಈ ಶ್ರಮಣನು ಏನು ಮಾಡುತ್ತಾನೆ, ಜವಳಿ ವ್ಯಾಪಾರ ಹೂಡುತ್ತಾನೆಯೇ, ಅಂಗಡಿ ತೆರೆಯುತ್ತಾನೆಯೇ ಎಂದು ನೇರವಾಗಿ ವಿಚಾರಿಸಲು ಹೊರಟ. (ಜವಳಿಯವನಾದ ನನಗೆ ರಾಜನ ಈ ಸಂಶಯ ಸಹಜವೆಂದೇ ತೋರುತ್ತದೆ.) ಬಟ್ಟೆ ಹರಿದ ಭಿಕ್ಷುಗಳಿಗೆ ಹಂಚುತ್ತೇನೆ ಎಂದ ಆನಂದ. ಹಾಗಾದರೆ ಹರಿದ ಹಳೆಯವನ್ನು? ಮಂಚದ ಮೇಲುಹೊದಿಕೆ ಮಾಡುತ್ತೇವೆ. ಹಳೆಯ ಮೇಲುಹೊದಿಕೆಯನ್ನು? ಹಾಸಿಗೆಯ ಚೀಲ. ಅದು ಹಳತಾದರೆ ನೆಲಹಾಸು, ಅನಂತರ ಕಾಲೊರಸು, ಅನಂತರ ಧೂಳು ಹೊಡೆಯುವ ಬಟ್ಟೆ. ಅದೂ ಜೀರ್ಣವಾದರೆ ಕುಟ್ಟಿ ಮಣ್ಣಿನೊಡನೆ ಕಲಸಿ ನೆಲಕ್ಕೆ ಮೆತ್ತುತ್ತೇವೆ. ರಾಜನು ಸಂತೋಷಪಟ್ಟು ಇನ್ನೂ 500 ಕೊಟ್ಟನೆಂದು ಕಥೆ ಮುಂದುವರಿಯುತ್ತದೆ. ಆನಂದನ ಉತ್ತರ ನಮ್ಮ ಅಡಿಗೆಮನೆಯ ಉತ್ತರವೇ. ಆದರೆ ರಾಜನ ಎರಡನೆಯ ದಾನದ ಬಗ್ಗೆ ನನಗೆ ಅನುಮಾನವಿದೆ. ಚೆನ್ನಾಗಿ ಬಳಸುತ್ತಾನೆಂಬ ಕಾರಣಕ್ಕೆ ಬೇಡದಷ್ಟನ್ನು ಕೊಡುವುದು ಸರಿಯೇ?

ಶ್ವೇತಾಂಬರ ಪರಂಪರೆಯಲ್ಲಿಯೂ ಒಂದು ಕಥೆಯಿದೆ. ದೀಕ್ಷಾಕಾಲದಲ್ಲಿ ಇಂದ್ರನು ಹೊದಿಸಿದ ದೇವದೂಷ್ಯದಲ್ಲಿ ಅರ್ಧವನ್ನು ಮಹಾವೀರರು ಬಡ ಬ್ರಾಹ್ಮಣನೊಬ್ಬನಿಗೆ ಕೊಡುತ್ತಾರೆ. ಆತ ಅದನ್ನು ಹರುಕು ಜೋಡಿಸುವ ರಫೂಗಾರನಲ್ಲಿಗೆ ಒಯ್ದಾಗ, ಉಳಿದರ್ಧವನ್ನೂ ತಂದರೆ ಗುರುತೇ ಸಿಗದಂತೆ ಹೊಲಿದುಕೊಡುತ್ತೇನೆ, ದೊಡ್ಡ ಬೆಲೆ ಬರುತ್ತದೆ ಎಂದು ಅವನು ಆಸೆ ಹುಟ್ಟಿಸುತ್ತಾನೆ. ಬ್ರಾಹ್ಮಣನು ಸ್ವಾಮಿಯ ಹಿಂದೆ ಹಿಂದೆಯೇ ಅಲೆದು, ಮುಳ್ಳಿಗೆ ಸಿಕ್ಕಿ ಬಿದ್ದ ಇನ್ನರ್ಧವನ್ನು ಎತ್ತಿಕೊಳ್ಳುತ್ತಾನೆ. ನಮ್ಮ ದಿಗಂಬರ ಆಮ್ನಾಯ ಈ ಪ್ರಸಂಗವನ್ನು ಒಪ್ಪುವುದಿಲ್ಲ, ಅದು ಬೇರೆ ಮಾತು. ಆದರೆ ಹೊಲಿಗೆಯ ಸೂಜಿ ವಿರಕ್ತಿಯ ಕಡೆಗೂ ಒಯ್ಯಬಹುದು, ಆಸೆಯ ಕಡೆಗೂ ಒಯ್ಯಬಹುದು ಎಂಬುದನ್ನು ಆ ರಫೂಗಾರನಷ್ಟು ಚೆನ್ನಾಗಿ ತೋರಿಸಿದವರಿಲ್ಲ. ಹರಿದದ್ದನ್ನು ಸರಿಮಾಡಬಲ್ಲೆನೆಂಬ ಕೌಶಲವೇ ಅಲ್ಲಿ ಲೋಭಕ್ಕೆ ದಾರಿ ಮಾಡಿತು. ನಮ್ಮ ಕ್ಷುಲ್ಲಕರ ಖಂಡವಸ್ತ್ರ ಇದಕ್ಕೆ ವಿರುದ್ಧವಾದ ದೃಷ್ಟಾಂತ. ತಲೆ ಮುಚ್ಚಿಕೊಂಡರೆ ಕಾಲು ತೆರೆದಿರಬೇಕು, ಕಾಲು ಮುಚ್ಚಿಕೊಂಡರೆ ತಲೆ ತೆರೆದಿರಬೇಕು ಎಂಬಷ್ಟೇ ಅದರ ಅಳತೆ. ಅದಕ್ಕೆ ಇನ್ನೊಂದು ತುಂಡನ್ನು ಜೋಡಿಸುವಂತಿಲ್ಲ.

ಕನ್ನಡನಾಡಿನಲ್ಲಿ ಈ ವಿದ್ಯೆಯನ್ನು ಉಳಿಸಿಕೊಂಡು ಬಂದವರು ಪಂಡಿತರಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಸಾಲುಸಾಲಾಗಿ ದಾರ ಎಳೆದು ಹೊಲಿಯುವ ಕೌದಿ ಎಲ್ಲರಿಗೂ ಗೊತ್ತು. ನಮ್ಮ ಘಟ್ಟದ ಮೇಲೆ, ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವುದು ಕವಂದಿ. ಅವರು ಅಂಚಿನಿಂದ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೆ ಮಡಚಿದ ತ್ರಿಕೋನದ ತುಂಡುಗಳನ್ನು ಹೂವಿನಂತೆ ಸೇರಿಸುತ್ತಾರೆ. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಅವರು ಈ ಕಲೆಯನ್ನು ಅಧ್ಯಯನ ಮಾಡಿ, 2004ರಲ್ಲಿ ಆ ಹೆಂಗಸರದೇ ಒಂದು ಸಹಕಾರ ಸಂಘ ಏರ್ಪಡಲು ನೆರವಾದರು. ಕವಂದಿಗಳು ಈಗ ವಿದೇಶಗಳ ವಸ್ತುಸಂಗ್ರಹಾಲಯಗಳ ಗೋಡೆಯ ಮೇಲೆ ತೂಗುತ್ತವೆ. ಮಲಗಲು ಹೊಲಿದದ್ದು ನೋಡುವುದಕ್ಕೆ ಆಯಿತಲ್ಲ ಎಂದು ಕೊರಗಬೇಕಾಗಿಲ್ಲ. ಹೊಲಿದವರಿಗೆ ನಾಲ್ಕು ಕಾಸು ಬಂದರೆ ಸಂತೋಷವೇ.

ಇನ್ನು ದಾನದ ಮಾತು. ಇದರಲ್ಲಿ ನನ್ನ ತಪ್ಪನ್ನು ಹೇಳದೆ ಮುಂದೆ ಹೋಗಲಾರೆ.

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನೂರಾರು ಹಳ್ಳಿಗಳು ಮುಳುಗಿದಾಗ ನಮ್ಮ ಕಡೆಯಿಂದಲೂ ಬಟ್ಟೆ ಸಂಗ್ರಹವಾಯಿತು. ನಾನು ಮನೆಯ ಹಳೆಯ ಬಟ್ಟೆಗಳ ಜೊತೆಗೆ ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಬಣ್ಣ ಮಾಸಿದ ಮಾಲನ್ನೂ ಎರಡು ಗಂಟು ಕಟ್ಟಿ ಹಾಕಿದೆ. ಅಂಗಡಿಯೂ ಹಗುರವಾಯಿತು, ಪುಣ್ಯವೂ ಬಂತೆಂದುಕೊಂಡೆ. ಲಾರಿಯೊಡನೆ ಹೋಗಿದ್ದರಿಂದ ಹಂಚುವಾಗಲೂ ಅಲ್ಲಿದ್ದೆ. ಒಬ್ಬ ಹಿರಿಯ ಹೆಂಗಸು ತನ್ನ ಪಾಲಿಗೆ ಬಂದ ಗಂಟನ್ನು ಬಿಚ್ಚಿ, ಕೊಕ್ಕೆಗಳಿಲ್ಲದ, ಕಂಕುಳಲ್ಲಿ ಬಿರಿದ ಒಂದು ಕುಪ್ಪಸವನ್ನು ಎತ್ತಿ ಹಿಡಿದು, "ಇದನ್ನ ನಿಮ್ಮ ಮನ್ಯಾಗಿನವ್ರಿಗೆ ಕೊಡ್ತೀರೇನ್ರೀ ಯಪ್ಪಾ?" ಎಂದು ಕೇಳಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಶಾಲೆಯ ಜಗುಲಿಯ ಕಂಬಗಳ ನಡುವೆ ಅವರ ಕೌದಿ ಒಣಗಲು ಹಾಕಿತ್ತು. ನೀರು ಕುಡಿದ ಕೌದಿಯನ್ನು ಹಿಂಡಲು ಇಬ್ಬರು ಬೇಕು. ಅಂತಹ ಭಾರವನ್ನು ಅವರು ಪ್ರವಾಹದಿಂದ ಹೊತ್ತು ತಂದಿದ್ದರು. ಅದರ ತೇಪೆಗಳಲ್ಲಿ ಒಂದೊಂದು ಹೊಲಿಗೆಯೂ ನೇರವಾಗಿತ್ತು. ನಾನು ಕೊಟ್ಟ ಬಟ್ಟೆಯಲ್ಲಿ ಒಂದು ಗುಂಡಿಯನ್ನೂ ಯಾರೂ ಹೊಲಿದಿರಲಿಲ್ಲ.

ದಾನದ ವಿಶೇಷವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ಆಗುತ್ತದೆಂದು ಸೂತ್ರಕಾರರು ಹೇಳಿದ್ದಾರೆ. ಆಪತ್ತಿನಲ್ಲಿದ್ದವರಿಗೆ ಕೊಡುವುದು ಪಾತ್ರದತ್ತಿಯಲ್ಲ, ದಯಾದತ್ತಿ. ಆದುದರಿಂದ ಈ ನಿಯಮ ಅಲ್ಲಿ ಅಷ್ಟಾಗಿ ಅನ್ವಯಿಸದು ಎಂದು ವಾದಿಸುವವರುಂಟು. ನಾನು ಒಪ್ಪಲಾರೆ. ಸಮಂತಭದ್ರರು ಎಣಿಸಿದ ದಾನದ ಅತಿಚಾರಗಳಲ್ಲಿ ಅನಾದರವೂ ಒಂದು. ದಯೆಯಲ್ಲಿ ಅನಾದರ ಕ್ಷಮ್ಯವೆಂದರೆ ದಯೆಯಲ್ಲಿ ಉಳಿಯುವುದೇನು? ನನ್ನ ಕಪಾಟನ್ನು ಖಾಲಿ ಮಾಡುವುದಕ್ಕೆ ಇನ್ನೊಬ್ಬರ ಕಷ್ಟವನ್ನು ಬಳಸಿಕೊಂಡೆನಾದರೆ ಅದು ತ್ಯಾಗವಲ್ಲ, ಕಸ ವಿಲೇವಾರಿ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ದೇಶದ ಎಲ್ಲ ಕಡೆಯಿಂದ ಬಂದ ಹಳೆಯ ಬಟ್ಟೆಗಳು ರಸ್ತೆಯ ಬದಿಯಲ್ಲಿ ರಾಶಿಯಾಗಿ ಬಿದ್ದಿದ್ದವು. ಅದನ್ನು ಆಯ್ದು, ವಿಂಗಡಿಸಿ ಪ್ರಯೋಜನಕ್ಕೆ ತಂದವರಲ್ಲಿ 1999ರಲ್ಲಿ ದೆಹಲಿಯಲ್ಲಿ ಆರಂಭವಾದ ಗೂಂಜ್ ಸಂಸ್ಥೆಯೂ ಒಂದು. ಅದರ ಸ್ಥಾಪಕ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಕ್ರಮದಲ್ಲಿ ಹಳ್ಳಿಯವರು ಬಾವಿ ತೋಡಿ, ರಸ್ತೆ ಕಟ್ಟಿ, ತಮ್ಮ ದುಡಿಮೆಗೆ ಪ್ರತಿಫಲವಾಗಿ ಬಟ್ಟೆಯನ್ನು ಪಡೆಯುತ್ತಾರೆ. ಉಡಲು ಬಾರದ ಹತ್ತಿಬಟ್ಟೆಯನ್ನು ತೊಳೆದು ಕತ್ತರಿಸಿ ಹೆಣ್ಣುಮಕ್ಕಳ ತಿಂಗಳ ಬಳಕೆಗೆ ಹೊಲಿಯುತ್ತಾರೆ. ಕೊಡುವವನ ಹೆಮ್ಮೆಗೂ ಪಡೆಯುವವನ ಕುಗ್ಗುವಿಕೆಗೂ ಅಲ್ಲಿ ಎಡೆ ಕಡಿಮೆ.

ಆ ಪ್ರಯಾಣದಿಂದ ಮರಳಿದ ಮೇಲೆ ನಮ್ಮ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಹೊರಗೆ ಕೊಡುವ ಬಟ್ಟೆಯನ್ನು ಒಗೆದು, ಬಿರಿದಲ್ಲಿ ಹೊಲಿದು, ಗುಂಡಿ ಕೊಕ್ಕೆ ಹಾಕಿ, ಮಡಿಕೆ ಮಾಡಿ ಕೊಡಬೇಕು. ಹಾಗೆ ಹೊಲಿಯಲು ಕುಳಿತಾಗ ಅರ್ಧದಷ್ಟು ಬಟ್ಟೆ ನಮಗೇ ಇನ್ನೂ ಉಡಲು ಯೋಗ್ಯವೆಂದು ತಿಳಿಯಿತು.

ರೇಷ್ಮೆಯ ವಿಷಯ ಇದಕ್ಕಿಂತ ಕಠಿಣ. ಬೆಂಗಳೂರಿನಲ್ಲಿರುವ ನನ್ನ ಸೊಸೆ ಹೊಲಿಗೆಯಲ್ಲಿ ಕೈ ಪಳಗಿದವಳು. ಶ್ರುತಪಂಚಮಿಯಂದು ಶಾಸ್ತ್ರಗ್ರಂಥಗಳಿಗೆ ಹೊಸ ವೇಷ್ಟನ ಸುತ್ತುವ ಪದ್ಧತಿ ನಮ್ಮಲ್ಲಿ ಇದೆಯಷ್ಟೆ. ಅದಕ್ಕಾಗಿ ಆಕೆ ತನ್ನ ಅಜ್ಜಿಯ ಹಳೆಯ ಕಾಂಚಿ ಸೀರೆಯನ್ನು ಕತ್ತರಿಸಿ ಹೊಲಿಯುತ್ತೇನೆಂದಳು. ಸೀರೆ ಮಡಿಕೆಗಳಲ್ಲಿ ಸೀಳಿತ್ತು, ಉಡಲು ಬರುತ್ತಿರಲಿಲ್ಲ. ನಾನು ಬೇಡವೆಂದೆ. "ಮಾವ, ಹುಳುಗಳು ಸತ್ತು ಅರವತ್ತು ವರ್ಷವಾಯಿತು. ಈಗ ಬಿಸಾಡಿದರೆ ಅವು ಬದುಕುತ್ತವೆಯೇ? ನಾನೇನೂ ಹೊಸತು ಕೊಳ್ಳುತ್ತಿಲ್ಲವಲ್ಲ" ಎಂದಳು. ಇದು ಹಾರಿಕೆಯ ಮಾತಲ್ಲ. ಒಂದು ಸೀರೆಗೆ ಸಾವಿರಾರು ಗೂಡುಗಳನ್ನು ಜೀವಸಹಿತ ಬೇಯಿಸಬೇಕು; ಅಷ್ಟು ಹಿಂಸೆಯಿಂದ ಬಂದ ವಸ್ತುವನ್ನು ಅಲಕ್ಷ್ಯದಿಂದ ಎಸೆಯುವುದು ಆ ಜೀವಗಳ ಬಗ್ಗೆ ಇನ್ನೊಂದು ಅನಾದರವಲ್ಲವೇ?

ನಾನು ಬಹಳ ದಿನ ಯೋಚಿಸಿದೆ. ಹಿಂಸೆ ಕೃತ, ಕಾರಿತ, ಅನುಮೋದಿತ ಎಂದು ಮೂರು ವಿಧ. ಹಳೆಯ ರೇಷ್ಮೆಯನ್ನು ಬಳಸುವವಳು ಕೊಂದಿಲ್ಲ, ಕೊಲ್ಲಿಸಿಯೂ ಇಲ್ಲ. ಉಳಿದದ್ದು ಅನುಮೋದನೆ. ಮನೆಯೊಳಗಿನ ಹೊದಿಕೆಯ ಒಳಪದರಕ್ಕೆ ಅದನ್ನು ಸೇರಿಸಿದರೆ ನೋಡಿ ಆಸೆಪಡುವವರಿಲ್ಲ. ಶಾಸ್ತ್ರದ ಮೇಲೆ ಸುತ್ತಿ ವ್ಯಾಸಪೀಠದ ಮೇಲೆ ಇರಿಸಿದರೆ, ನೋಡಿದವರು ಹಳೆಯದೆಂದು ತಿಳಿಯುತ್ತಾರೆಯೇ? 'ಜಿನವಾಣಿಗೆ ರೇಷ್ಮೆಯೇ ಶೋಭೆ' ಎಂದುಕೊಂಡು ಮುಂದಿನ ವರ್ಷ ಹತ್ತು ಮನೆಯವರು ಹೊಸ ರೇಷ್ಮೆ ತರುತ್ತಾರೆ. ವ್ಯಾಪಾರಿಯಾಗಿ ಇನ್ನೊಂದನ್ನೂ ಬಲ್ಲೆ. ಹಳೆಯ ರೇಷ್ಮೆಯಿಂದ ಹೊಲಿದ ಕೈಚೀಲಗಳಿಗೆ ಬೇಡಿಕೆ ಬಂದರೆ, ಹಳೆಯದು ಸಾಲದೆ ಹೋದಾಗ ಹೊಸದನ್ನೇ ಹಳೆಯದೆಂದು ಮಾರುವವರು ಹುಟ್ಟುತ್ತಾರೆ. ಆದುದರಿಂದ ಹೊದಿಕೆಯ ಒಳಗೆ ಸರಿ, ಗ್ರಂಥದ ಮೇಲೆ ಬೇಡ ಎಂದು ನನ್ನ ಅಭಿಪ್ರಾಯ. ಸೊಸೆ ಪೂರ್ತಿ ಒಪ್ಪಿಲ್ಲ. ವೇಷ್ಟನವನ್ನು ಮಾತ್ರ ಅಜ್ಜಿಯ ಹತ್ತಿಯ ಸೀರೆಯಿಂದ ಹೊಲಿದಳು. ಬಸದಿಗಳ ಟ್ರಸ್ಟಿನವರು ಈ ಪ್ರಶ್ನೆಯನ್ನು ತಮ್ಮ ಸಭೆಯಲ್ಲಿ ಎತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ. ಯಕ್ಷಿಯರಿಗೆ ಭಕ್ತರು ಒಪ್ಪಿಸುವ ಸೀರೆಗಳು ಕಪಾಟುಗಳಲ್ಲಿ ಬೆಳೆಯುತ್ತಿರುವಾಗ, ಹತ್ತಿಯ ಸೀರೆಯೇ ಸಾಕು ಎಂದು ಒಂದು ಫಲಕ ಬರೆದು ಹಾಕಲು ಖರ್ಚೇನೂ ಇಲ್ಲ.

ಹತ್ತಿಯೆಂದು ಹೇಳಿದ್ದರ ಹಿಂದೆ ಇನ್ನೊಂದು ಕಾರಣವಿದೆ. ಅಮ್ಮನ ಸೀರೆ ನಡೆದ ದಾರಿಯಲ್ಲಿ ಪಾಲಿಯೆಸ್ಟರ್ ಸೀರೆ ನಡೆಯಲಾರದು. ಕೂಸಿನ ಮೈಯ ಒದ್ದೆಯನ್ನು ಅದು ಹೀರುವುದಿಲ್ಲ. ನೆಲ ಒರಸಿದರೆ ನೀರನ್ನು ಆಚೀಚೆ ತಳ್ಳುತ್ತದೆ. ಮಸಿಬಟ್ಟೆ ಮಾಡಿ ಬಿಸಿ ಪಾತ್ರೆ ಹಿಡಿದರೆ ಕರಗಿ ಕೈಗೆ ಅಂಟುತ್ತದೆ. ಮಣ್ಣಿಗೆ ಹಾಕಿದರೆ ಕೊಳೆಯುವುದಿಲ್ಲ. ಒಗೆದಾಗಲೆಲ್ಲ ಅದರ ಕಣ್ಣಿಗೆ ಕಾಣದ ಎಳೆಗಳು ನೀರಿಗೆ ಸೇರಿ ಹೊಳೆ, ಕಡಲುಗಳ ಜೀವಿಗಳ ಹೊಟ್ಟೆ ಸೇರುತ್ತವೆ. ಹತ್ತಿಯೂ ನಿರ್ದೋಷಿಯಲ್ಲ. ಒಂದು ಹತ್ತಿಯ ಅಂಗಿಯ ಹಿಂದೆ ಸುಮಾರು 2,700 ಲೀಟರ್ ನೀರು ಖರ್ಚಾಗುತ್ತದೆಂದು ಅಂದಾಜು. ಹಾಕಿದ ಬಟ್ಟೆಯೇ ಮತ್ತೆ ಹೊಸ ಬಟ್ಟೆಯಾಗಿ ಬರುವುದು ಜಗತ್ತಿನಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆಯೆಂದು 2017ರಲ್ಲಿ ಎಲೆನ್ ಮ್ಯಾಕಾರ್ಥರ್ ಪ್ರತಿಷ್ಠಾನದ ವರದಿ ಹೇಳಿತು. ಹೀಗಿರುವಾಗ ಮರುಬಳಕೆಯ ಪ್ರಶ್ನೆ ಹರಿದ ದಿನ ಹುಟ್ಟುವುದಲ್ಲ, ಕೊಳ್ಳುವ ದಿನವೇ ನಿರ್ಣಯವಾಗುತ್ತದೆ. ಇದನ್ನು ಬರೆಯುವ ನಾನು ನಲವತ್ತು ವರ್ಷ ಎರಡು ಬಗೆಯ ಬಟ್ಟೆಯನ್ನೂ ಮಾರಿದವನು. ಹತ್ತಿಗಿಂತ ಪಾಲಿಯೆಸ್ಟರಿನಲ್ಲಿ ಲಾಭ ಹೆಚ್ಚು ಸಿಕ್ಕಿತೆಂಬುದನ್ನು ಮುಚ್ಚಿಡುವುದಿಲ್ಲ. ಮೊಳ ಹಾಕಿ ಕತ್ತರಿಸಿ ಮಾರುತ್ತಿದ್ದ ಕಾಲದಲ್ಲಿ, ಜಗುಲಿಯ ದರ್ಜಿ ಉಳಿದ ತುಂಡನ್ನೂ ಗಿರಾಕಿಗೆ ಹಿಂದಿರುಗಿಸುತ್ತಿದ್ದ. ಸಿದ್ಧ ಉಡುಪು ಬಂದ ಮೇಲೆ ಆ ತುಂಡೂ ಇಲ್ಲ, ದರ್ಜಿಯೂ ಇಲ್ಲ.

ಒಂದು ಕಡೆ ಮಾತ್ರ ನಮ್ಮ ಮನೆಯಲ್ಲಿ ಹಳೆಯ ಬಟ್ಟೆಗೆ ಪ್ರವೇಶವಿರಲಿಲ್ಲ. ಅದು ನೀರು ಸೋಸುವ ಬಟ್ಟೆ. ಅದು ದಪ್ಪವಾಗಿ, ತೂತಿಲ್ಲದೆ, ಇಮ್ಮಡಿಯಾಗಿ ಇರಬೇಕು. ಸೋಸಿ ಉಳಿದ ಜೀವಗಳನ್ನು ಅದೇ ಬಾವಿಗೆ ಮೆಲ್ಲನೆ ಇಳಿಸಬೇಕು. ಉಳಿತಾಯವೆಂದು ಇಲ್ಲಿ ಹರುಕು ಹಿಡಿಯುವುದು ಅಧರ್ಮವೆಂದೇ ನಾನು ನಂಬಿದ್ದೆ. ಆದರೆ ರೀಟಾ ಕಾಲ್ವೆಲ್, ಅನ್ವರ್ ಹಕ್ ಮೊದಲಾದ ವಿಜ್ಞಾನಿಗಳು ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ಓದಿದಾಗ ಅಚ್ಚರಿಯಾಯಿತು. ಹಳೆಯ ಹತ್ತಿಯ ಸೀರೆಯನ್ನು ನಾಲ್ಕು ಸಲ ಮಡಚಿ ಹೊಳೆ ಕೆರೆಗಳ ನೀರನ್ನು ಸೋಸಿದ ಮನೆಗಳಲ್ಲಿ ಕಾಲರಾ ನೂರಕ್ಕೆ 48ರಷ್ಟು ಕಡಿಮೆಯಾಯಿತು. ರೋಗಾಣುಗಳು ಅಂಟಿಕೊಂಡಿರುವ ಸೂಕ್ಷ್ಮ ಜಲಜೀವಿಗಳು ಬಟ್ಟೆಯಲ್ಲಿ ತಡೆದು ನಿಂತವು. ಹೊಸ ಬಟ್ಟೆಗಿಂತ ಹಳೆಯದೇ ಉತ್ತಮ, ಏಕೆಂದರೆ ಒಗೆದು ಒಗೆದು ಎಳೆಗಳು ಉಬ್ಬಿ ರಂಧ್ರಗಳು ಕಿರಿದಾಗುತ್ತವೆಯಂತೆ. ಹಳೆಯದೆಂದರೆ ತೂತುಬಿದ್ದದ್ದಲ್ಲ ಎಂಬ ವ್ಯತ್ಯಾಸವನ್ನು ನಾನು ಗಮನಿಸಿರಲಿಲ್ಲ.

ಅಮ್ಮ ತೀರಿಕೊಂಡದ್ದು 2006ರಲ್ಲಿ. ತಂಗಿ ಬಂದಾಗ ಇಬ್ಬರೂ ಕುಳಿತು ಆ ತಗಡಿನ ಪೆಟ್ಟಿಗೆಯನ್ನು ತೆರೆದೆವು. ತುಂಡುಗಳೆಲ್ಲ ಒಗೆದು, ಅಳತೆಯ ಪ್ರಕಾರ ಸುತ್ತಿ ಇಟ್ಟಿದ್ದವು. ಅರ್ಧ ಹೊಲಿದ ಹೊದಿಕೆಯೊಂದಿತ್ತು, ಸೂಜಿ ಇನ್ನೂ ಅದರಲ್ಲಿತ್ತು. ಎಲ್ಲಕ್ಕಿಂತ ಕೆಳಗೆ ಕಾಗದದಲ್ಲಿ ಸುತ್ತಿದ ಒಂದು ಹೊಸ ಸೀರೆ. 1987ರ ದೀಪಾವಳಿಯಲ್ಲಿ ಅಂಗಡಿಗೆ ಮೊದಲ ಸಲ ಒಳ್ಳೆಯ ಲಾಭ ಬಂದಾಗ ನಾನು ತಂದುಕೊಟ್ಟ, ಗಂಜಿ ಹಾಕಿದ ಹತ್ತಿಯ ಸೀರೆ. ಅಮ್ಮ ಅದನ್ನು ಒಂದು ದಿನವೂ ಉಟ್ಟಿರಲಿಲ್ಲ. ಚಿಂದಿಗಳನ್ನು ವರ್ಷವರ್ಷವೂ ಬಿಸಿಲಿಗೆ ಕೊಡವಿದವರು ಇದನ್ನು ಮಾತ್ರ ಬಿಚ್ಚಿರಲಿಲ್ಲ. ಗಂಜಿಯ ಆಸೆಗೆ ಹುಳು ಸೇರಿ ಮಡಿಕೆ ಮಡಿಕೆಯಲ್ಲೂ ತಿಂದಿತ್ತು. ಮಗ ಕೊಟ್ಟದ್ದೆಂಬ ಮಮತೆಯಿಂದ ಇಟ್ಟರೋ, ಒಳ್ಳೆಯದು ತನಗೇಕೆಂದು ಬಿಟ್ಟರೋ ಹೇಳಬಲ್ಲವರಿಲ್ಲ. ವಸ್ತುವಿನಲ್ಲಿ ಅಲ್ಲ, ಅದರ ಮೇಲಿನ ಮೂರ್ಛೆಯಲ್ಲಿ ಪರಿಗ್ರಹವಿದೆ ಎಂದು ಪ್ರವಚನಗಳಲ್ಲಿ ಎಷ್ಟೋ ಸಲ ಹೇಳಿದವನು ನಾನು. ತಂಗಿ ಸೀರೆಯನ್ನು ಮಡಿಲಿನಲ್ಲಿ ಹರಡಿಕೊಂಡು, "ಇದ್ ಯಾರ್ ಪರಿಗ್ರಹ ಅಣ್ಣಯ್ಯ, ಅಮ್ಮಂದಾ ನಿಂದಾ?" ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ.

ಅವಳು ಕತ್ತರಿ ತಂದು, ಹುಳು ಮುಟ್ಟದ ಭಾಗವನ್ನು ಬೇರೆ ಮಾಡಿದಳು. ಎರಡೂವರೆ ಮೊಳದಷ್ಟು ಸಿಕ್ಕಿತು. ಅದರಲ್ಲಿ ಎರಡು ತಲೆದಿಂಬಿನ ಚೀಲ, ಒಂದು ಮಸಿಬಟ್ಟೆ ಆದವು. ಉಳಿದದ್ದನ್ನು ಅಂಗಳದಲ್ಲಿ ಮೆಲ್ಲಗೆ ಕೊಡವಿ, ಹುಳುಗಳು ಹೋಗುವ ತನಕ ನೆರಳಿನಲ್ಲಿಟ್ಟು, ತೆಂಗಿನ ಬುಡಕ್ಕೆ ಹಾಕಿದೆವು.